ವಾಟರ್‌ಪ್ರೂಫ್ ಮಸ್ಕರಾ ಹಚ್ಚಿದರೂ ಕಣ್ಣಿನ ಕೆಳಗೆ ಕಪ್ಪು ಇಳಿಯುತ್ತಿದೆ: ನನ್ನ ರೆಪ್ಪೆಗೆ ಯಾವುದು ಒಪ್ಪುತ್ತದೆ?

ಸೇಡಂ ರಸ್ತೆ (ಕಲಬುರಗಿ)

ಎಲ್ಲರಿಗೂ ಶರಣು. ಮೇ ತಿಂಗಳ ಎರಡನೆಯ ವಾರದಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ ಇದೆ. ಅದಕ್ಕೆ ಮೊದಲು ಒಂದು ಸಣ್ಣ ಸಮಸ್ಯೆಯನ್ನು ಬಗೆಹರಿಸಿಕೊಳ್ಳಬೇಕೆಂದು ಇಲ್ಲಿ ಕೇಳುತ್ತಿದ್ದೇನೆ. ಹೋದ ತಿಂಗಳು ಅವಳ ನಿಶ್ಚಯ ಕಾರ್ಯಕ್ಕೆಂದು ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ವಾಟರ್‌ಪ್ರೂಫ್ ಮಸ್ಕರಾ ಕೊಂಡಿದ್ದೆ. ಮಳೆಯಲ್ಲಿ ನಿಂತರೂ ಇಳಿಯುವುದಿಲ್ಲವೆಂದು ಅಂಗಡಿಯವರು ಹೇಳಿದ್ದರು. ಮಳೆಯ ಮಾತು ಹಾಗಿರಲಿ, ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿಕೊಂಡದ್ದು ಹನ್ನೆರಡರ ಹೊತ್ತಿಗೆ ಕಣ್ಣಿನ ಕೆಳಗೆ ಮಸಿ ಬಳಿದಂತೆ ಹರಡಿತ್ತು. ಊಟದ ಪಂಕ್ತಿಯಲ್ಲಿ ಅಜ್ಜಿ ಎಲ್ಲರೆದುರಿಗೆ, "ಏನವ್ವಾ, ರಾತ್ರಿ ನಿದ್ದಿ ಮಾಡಿಲ್ಲೇನು? ಕಣ್ಣಿನ ಸುತ್ತ ಎಲ್ಲಾ ಕಪ್ಪ ಆಗ್ಯಾದ" ಎಂದು ಕೇಳಿದಾಗಲೇ ನನಗೆ ಗೊತ್ತಾದದ್ದು.

ನನ್ನ ರೆಪ್ಪೆಗೂದಲು ಗಿಡ್ಡ, ನೇರ ಮತ್ತು ಸ್ವಲ್ಪ ಕೆಳಮುಖ. ಕರ್ಲರ್‌ನಿಂದ ಬಾಗಿಸಿದರೆ ಮೊದಲು ಚೆನ್ನಾಗಿ ಕಾಣುತ್ತದೆ, ಆದರೆ ಗಂಟೆಯೊಳಗೆ ಮತ್ತೆ ಮಲಗಿಬಿಡುತ್ತದೆ. ವಾಟರ್‌ಪ್ರೂಫ್‌ಗಿಂತ ಗಟ್ಟಿಯಾದದ್ದು ಇನ್ನೇನಾದರೂ ಇದೆಯೇ, ಅಥವಾ ಹಚ್ಚುವ ಬಗೆಯಲ್ಲೇ ನಾನು ತಪ್ಪುತ್ತಿದ್ದೇನೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಭೀಮಾ ದಂಡೆ (ಯಾದಗಿರಿ)

ನನಗೆ ಮೊದಲು ಬರುವ ಅನುಮಾನ ಅದು ನಕಲಿ ಮಾಲು ಎಂಬುದು. ಟ್ಯೂಬಿನ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕಾ ಪರವಾನಗಿ ಸಂಖ್ಯೆ, ಬಳಸಬಹುದಾದ ಕೊನೆಯ ದಿನಾಂಕ ಇವೆಲ್ಲ ಇವೆಯೇ ನೋಡಿರಿ. ಹೊರದೇಶದ್ದಾದರೆ ಆಮದು ಮಾಡಿಕೊಂಡವರ ವಿಳಾಸ ಮತ್ತು ನೋಂದಣಿ ಸಂಖ್ಯೆ ಇರಬೇಕು. "ಫಸ್ಟ್ ಕಾಪಿ" ಎಂದು ಅರ್ಧ ಬೆಲೆಗೆ ಕೊಡುವುದರ ಮೇಲೆ ಇವುಗಳಲ್ಲಿ ಒಂದಾದರೂ ಇರುವುದಿಲ್ಲ, ಇಲ್ಲವೇ ಬೆರಳಿನಿಂದ ಉಜ್ಜಿದರೆ ಅಕ್ಷರಗಳೇ ಅಳಿಸಿ ಹೋಗುತ್ತವೆ. ನಾನು ಐದಾರು ವರ್ಷಗಳಿಂದ ವಾಟರ್‌ಪ್ರೂಫ್ ಮಸ್ಕರಾವನ್ನೇ ಹಚ್ಚುತ್ತಿದ್ದೇನೆ. ಯಾದಗಿರಿಯ ಬಿಸಿಲು ಕಲಬುರಗಿಯದಕ್ಕಿಂತ ಕಡಿಮೆಯದೇನಲ್ಲ, ಆದರೂ ನನಗೆ ಒಮ್ಮೆಯೂ ಹೀಗಾಗಿಲ್ಲ.

ಸೇಡಂ ರಸ್ತೆ (ಕಲಬುರಗಿ)

ಅಕ್ಕ, ಎಲ್ಲವನ್ನೂ ಈಗಷ್ಟೇ ನೋಡಿದೆ. ನೀವು ಹೇಳಿದ ಎಲ್ಲ ವಿವರಗಳೂ ಇವೆ, ಅವಧಿಯೂ ಮುಗಿದಿಲ್ಲ. ಬಿಲ್ಲನ್ನೂ ಇಟ್ಟುಕೊಂಡಿದ್ದೇನೆ. ಮಾಲು ಅಸಲಿಯದೇ ಎಂದು ತೋರುತ್ತದೆ.

ಬಿದ್ರಿ ಬಳ್ಳಿ (ಬೀದರ್)

ನಾನು ಬೀದರಿನಲ್ಲಿ ಹನ್ನೊಂದು ವರ್ಷಗಳಿಂದ ಮದುಮಕ್ಕಳಿಗೆ ಅಲಂಕಾರ ಮಾಡುತ್ತಿದ್ದೇನೆ. ಪ್ರತಿ ಬೇಸಿಗೆಯಲ್ಲಿ ನನಗೆ ಕೇಳಿಬರುವ ಮೊದಲ ದೂರು ಇದೇ ಆಗಿರುವುದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮಸ್ಕರಾ ಇಳಿಯಿತು ಎಂದು ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಾರೆ, ಆದರೆ ಅದು ಮೂರು ಬೇರೆ ಬೇರೆ ರೀತಿಯಲ್ಲಿ ಇಳಿಯುತ್ತದೆ. ಕನ್ನಡಿಯ ಹತ್ತಿರ ಹೋಗಿ, ಕಪ್ಪು ಯಾವ ರೂಪದಲ್ಲಿದೆ ಎಂಬುದನ್ನು ಗಮನಿಸಬೇಕು. ಕೆನ್ನೆಯ ಮೇಲೆ ಗೆರೆ ಗೆರೆಯಾಗಿ ಹರಿದಿದ್ದರೆ ಅದು ನೀರಿನ ಕೆಲಸ, ಅಂದರೆ ಬೆವರು ಅಥವಾ ಕಣ್ಣೀರು. ಊದಿದರೆ ಹಾರುವಂತಹ ಒಣ ಹುಡಿಯಾಗಿ ಉದುರಿದ್ದರೆ ಟ್ಯೂಬು ಹಳೆಯದಾಗಿದೆ, ಇಲ್ಲವೇ ಒಂದು ಪದರ ಒಣಗಿ ಗಟ್ಟಿಯಾದ ಮೇಲೆ ಅದರ ಮೇಲೆ ಮತ್ತೆ ಮತ್ತೆ ಬಳಿದಿದ್ದೀರಿ ಎಂದರ್ಥ. ನೀವು ಬರೆದಿರುವಂತೆ ಗೆರೆಯೂ ಇಲ್ಲದೆ, ಹುಡಿಯೂ ಇಲ್ಲದೆ, ಬೆರಳಿನಿಂದ ತೀಡಿದ ಪೆನ್ಸಿಲ್ ಗುರುತಿನ ಹಾಗೆ ಮಸಿಯಾಗಿ ಹರಡಿದ್ದರೆ ಅದು ಎಣ್ಣೆಯ ಕೆಲಸ. ವಾಟರ್‌ಪ್ರೂಫ್ ಎಂಬ ಹೆಸರಿನಲ್ಲಿಯೇ ಅದರ ಮಿತಿಯೂ ಇದೆ. ಅದು ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬೆಳಿಗ್ಗೆ ಮುಖ ತೊಳೆದು ಏನನ್ನೂ ಹಚ್ಚದೆ ಎರಡು ಗಂಟೆ ನಿಮ್ಮ ಕೆಲಸ ನೋಡಿಕೊಳ್ಳಿರಿ. ಬಳಿಕ ತೆಳುವಾದ ಟಿಶ್ಯೂ ಕಾಗದವನ್ನು ಮುಚ್ಚಿದ ಕಣ್ಣಿನ ಮೇಲ್ರೆಪ್ಪೆಗೆ ಒಮ್ಮೆ, ಕಣ್ಣಿನ ಕೆಳಗಿನ ಚರ್ಮಕ್ಕೆ ಒಮ್ಮೆ ಮೆಲ್ಲನೆ ಒತ್ತಿ, ಐದು ನಿಮಿಷ ಬಿಟ್ಟು ಬೆಳಕಿಗೆ ಹಿಡಿಯಿರಿ. ಬೆವರಿನ ಒದ್ದೆ ಅಷ್ಟರಲ್ಲಿ ಆರಿ ಹೋಗಿರುತ್ತದೆ. ಮಿರ್ಚಿ ಕಟ್ಟಿದ ಕಾಗದದ ಹಾಗೆ ಪಾರದರ್ಶಕವಾದ ಕಲೆ ಹಾಗೆಯೇ ಉಳಿದಿದ್ದರೆ ಎಣ್ಣೆಯೆಂದು ತಿಳಿಯಬೇಕು.

ನಮ್ಮ ಊರಿನ ಬಿದ್ರಿ ಕೆಲಸದವರು ಕೋಟೆಯ ಮಣ್ಣು ಮತ್ತು ನವಸಾಗರದಿಂದ ಸತುವಿನ ಪಾತ್ರೆಯನ್ನು ಕಪ್ಪಾಗಿಸಿದ ಮೇಲೆ ಕೊನೆಗೆ ಎಣ್ಣೆ ಹಚ್ಚಿ ಉಜ್ಜುತ್ತಾರೆ, ಆಗ ಆ ಕಪ್ಪು ಇನ್ನೂ ಗಾಢವಾಗುತ್ತದೆ. ಮಸ್ಕರಾದ ಕಪ್ಪಿಗೆ ಆ ಭಾಗ್ಯವಿಲ್ಲ. ಎಣ್ಣೆ ಸೋಕಿದರೆ ಅದು ಕರಗಿ ಕೆಳಗಿಳಿಯುತ್ತದೆ.

ಸೇಡಂ ರಸ್ತೆ (ಕಲಬುರಗಿ)

ಎರಡು ದಿನ ಪರೀಕ್ಷೆ ಮಾಡಿದೆ. ಮೇಲ್ರೆಪ್ಪೆಗೆ ಒತ್ತಿದ ಕಾಗದದಲ್ಲಿ ಕಡಲೆಬೇಳೆಯಷ್ಟು ಅಗಲದ ಕಲೆ ಮೂಡಿತ್ತು, ಕಣ್ಣಿನ ಕೆಳಗೆ ಒತ್ತಿದ್ದರಲ್ಲಿ ಅದಕ್ಕಿಂತಲೂ ದೊಡ್ಡದು. ಎರಡೂ ಆರಲಿಲ್ಲ, ಸಂಜೆಯವರೆಗೂ ಹಾಗೆಯೇ ಇದ್ದವು.

ಒಂದು ವಿಷಯವನ್ನು ಹೇಳಿಕೊಳ್ಳಲೇಬೇಕು. ರೆಪ್ಪೆ ಉದ್ದವಾಗಿ ಬೆಳೆಯುತ್ತದೆಂದು ಯಾರೋ ಹೇಳಿದ್ದರಿಂದ ಮೂರು ತಿಂಗಳಿಂದ ಪ್ರತಿ ರಾತ್ರಿ ಔಡಲೆಣ್ಣೆ ಹಚ್ಚಿಕೊಂಡು ಮಲಗುತ್ತಿದ್ದೇನೆ. ಬೆಳಿಗ್ಗೆ ಸೋಪಿನಿಂದ ತೊಳೆದರೂ ಅದರ ಅಂಶ ಉಳಿದಿರಬಹುದೇ? ಜೊತೆಗೆ ಕಣ್ಣಿನ ಕೆಳಗೆ ದಪ್ಪನೆಯ ಕ್ರೀಮನ್ನೂ ಹಚ್ಚುತ್ತೇನೆ.

ಬಿದ್ರಿ ಬಳ್ಳಿ (ಬೀದರ್)

ಅಲ್ಲಿಗೆ ಕಳ್ಳ ಸಿಕ್ಕಂತಾಯಿತು, ತಂಗಿ. ಔಡಲೆಣ್ಣೆಯಷ್ಟು ಅಂಟಾದ ಎಣ್ಣೆ ಇನ್ನೊಂದಿಲ್ಲ, ಕೂದಲಿನ ಬುಡದಲ್ಲಿ ಕುಳಿತರೆ ಒಂದು ತೊಳೆತಕ್ಕೆ ಹೋಗುವುದಿಲ್ಲ. ಹಗಲು ಹಚ್ಚುವ ಕ್ರೀಮನ್ನು ಕಣ್ಣಿನ ಅಂಚಿಗೆ ತಾಗಿಸದೆ ಕೆನ್ನೆಯ ಮೂಳೆಯ ಮೇಲಷ್ಟೇ ಹಚ್ಚಿರಿ. ಮಸ್ಕರಾಕ್ಕೆ ಮೊದಲು ಒಣ ಬ್ರಷ್ಷಿನಿಂದ ರೆಪ್ಪೆಯನ್ನು ಬಾಚಿ, ಕಣ್ಣಿನ ಕೆಳಗೆ ಸ್ವಲ್ಪವೇ ಸ್ವಲ್ಪ ಪೌಡರ್ ಒತ್ತಿರಿ.

ಇಷ್ಟಾದ ಮೇಲೂ ಚರ್ಮವೇ ಎಣ್ಣೆಯದಾಗಿದ್ದರೆ ನಿಮಗೆ ಬೇಕಾದದ್ದು ಟ್ಯೂಬಿಂಗ್ ಮಸ್ಕರಾ. ಇದು ಬಣ್ಣದಂತೆ ಕೂದಲಿಗೆ ಬಳಿದುಕೊಳ್ಳುವುದಿಲ್ಲ, ಒಂದೊಂದು ಕೂದಲಿಗೂ ತೆಳುವಾದ ಪಾಲಿಮರ್ ಕೊಳವೆಯನ್ನು ತೊಡಿಸಿದಂತೆ ಕೂರುತ್ತದೆ. ಬೆವರಿಗೂ ಜಗ್ಗುವುದಿಲ್ಲ, ಚರ್ಮದ ಎಣ್ಣೆಗೂ ಕರಗುವುದಿಲ್ಲ. ತೆಗೆಯಬೇಕೆಂದಾಗ ಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆಲ್ಲನೆ ಎಳೆದರೆ ಸಣ್ಣ ಸಣ್ಣ ಕಪ್ಪು ಎಳೆಗಳಾಗಿ ಕಳಚಿ ಬರುತ್ತದೆ. ಮೊದಲ ಸಲ ನೋಡುವವರಿಗೆ ರೆಪ್ಪೆಗೂದಲೇ ಉದುರಿತೇನೋ ಎಂದು ಎದೆ ಧಸಕ್ ಎನ್ನುತ್ತದೆ. ನನ್ನಿಂದ ಅಲಂಕಾರ ಮಾಡಿಸಿಕೊಂಡಿದ್ದ ಒಬ್ಬ ಮದುಮಗಳು ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿ ಅತ್ತೇಬಿಟ್ಟಿದ್ದಳು. ಅಂದಿನಿಂದ ನಾನು ಮೊದಲೇ ಹೇಳಿ ಕಳುಹಿಸುತ್ತೇನೆ.

ಮೇಣ ಮತ್ತು ನೀರು (ಕಲಬುರಗಿ)

ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಮೇಲಿನವರು ಅನುಭವದಿಂದ ಹೇಳಿದ್ದಕ್ಕೆ ಕಾರಣವನ್ನು ಸೇರಿಸುವುದಷ್ಟೇ ನನ್ನ ಉದ್ದೇಶ.

ಸಾಮಾನ್ಯ ಮಸ್ಕರಾ ಎಂದರೆ ನೀರಿನಲ್ಲಿ ಮೇಣವನ್ನು ಬೆರೆಸಿ ನಿಲ್ಲಿಸಿದ ಒಂದು ಎಮಲ್ಶನ್. ಜೇನುಮೇಣ, ಕಾರ್ನೌಬಾ ಮೇಣ, ಅವನ್ನು ನೀರಿನೊಡನೆ ಕೂಡಿಸಿ ಹಿಡಿಯಲು ಸ್ಟಿಯರಿಕ್ ಆಮ್ಲದಿಂದಾದ ಸಾಬೂನಿನಂತಹ ಪದಾರ್ಥ, ಕಪ್ಪು ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಮತ್ತು ಕೆಡದಂತೆ ಕಾಯುವ ಸಂರಕ್ಷಕಗಳು ಅದರಲ್ಲಿ ಇರುತ್ತವೆ. ವಾಟರ್‌ಪ್ರೂಫ್ ಮಸ್ಕರಾದಲ್ಲಿ ನೀರಿನ ಜಾಗವನ್ನು ಐಸೋಡೋಡೆಕೇನ್‌ನಂತಹ ಬೇಗನೆ ಆರುವ ದ್ರಾವಕ ಹಿಡಿದಿರುತ್ತದೆ. ಅದು ಆರಿದ ಮೇಲೆ ಮೇಣದ ಪದರ ಮಾತ್ರ ಉಳಿಯುತ್ತದೆ. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ, ಆದರೆ ಮೇಣಕ್ಕೂ ಎಣ್ಣೆಗೂ ಬಲು ನಂಟು. ನಮ್ಮ ಚರ್ಮ ಸ್ರವಿಸುವ ಜಿಡ್ಡು ಆ ಪದರವನ್ನು ಮೆತ್ತಗೆ ಮಾಡುತ್ತದೆ, ನಲವತ್ತೆರಡು ಡಿಗ್ರಿಯ ಬಿಸಿಲು ಅದಕ್ಕೆ ಇನ್ನಷ್ಟು ನೆರವಾಗುತ್ತದೆ. ವಾಟರ್‌ಪ್ರೂಫ್ ಮಸ್ಕರಾವನ್ನು ತೆಗೆಯಲು ಎಣ್ಣೆ ಬೆರೆತ ದ್ರಾವಣವೇ ಬೇಕೆಂದು ಎಲ್ಲರಿಗೂ ತಿಳಿದಿದೆ. ಮುಖದಲ್ಲಿ ಜಿಡ್ಡು ಇರುವವರು ದಿನವಿಡೀ ಆ ತೆಗೆಯುವ ಕೆಲಸವನ್ನೇ ತಮಗರಿವಿಲ್ಲದೆ ಮಾಡುತ್ತಿರುತ್ತಾರೆ.

ಇನ್ನು ಬಾಗಿಸಿದ ರೆಪ್ಪೆ ಮಲಗುವ ವಿಷಯ. ಇಸ್ತ್ರಿ ಮಾಡಿದಂತೆ ನೇರಗೊಳಿಸಿದ ತಲೆಗೂದಲು ಮಳೆಯ ಹನಿ ಬಿದ್ದೊಡನೆ ಹಳೆಯ ಆಕಾರಕ್ಕೆ ಮರಳುವುದನ್ನು ನೋಡಿರುತ್ತೀರಿ. ಕೂದಲಿನ ಪ್ರೋಟೀನಿನಲ್ಲಿರುವ ಹೈಡ್ರೋಜನ್ ಬಂಧಗಳು ನೀರು ತಗುಲಿದಾಗ ಸಡಿಲಗೊಳ್ಳುವುದೇ ಅದಕ್ಕೆ ಕಾರಣ. ರೆಪ್ಪೆಯಲ್ಲೂ ಇದೇ ಆಗುತ್ತದೆ. ಕರ್ಲರ್‌ನಿಂದ ಬಾಗಿಸಿ ನೀರಿನಂಶ ಹೆಚ್ಚಿರುವ ಮಸ್ಕರಾ ಹಚ್ಚಿದರೆ ನೀವೇ ಅದನ್ನು ನೆನೆಸಿ ಮಲಗಿಸಿದಂತೆ. ಆದ್ದರಿಂದ ನೇರ ರೆಪ್ಪೆಯವರಿಗೆ ವಾಟರ್‌ಪ್ರೂಫ್ ಒಳ್ಳೆಯದು ಎಂಬ ಮಾತು ಹುಟ್ಟಿದ್ದು ಬೆವರಿನ ಕಾರಣಕ್ಕಲ್ಲ, ಬಾಗು ನಿಲ್ಲುತ್ತದೆ ಎಂಬ ಕಾರಣಕ್ಕೆ. ಪ್ರಶ್ನೆ ಕೇಳಿದವರದು ನೇರ ರೆಪ್ಪೆ ಮತ್ತು ಜಿಡ್ಡಿನ ಚರ್ಮ, ಎರಡೂ ಒಟ್ಟಿಗೆ. ಒಂದಕ್ಕೆ ವಾಟರ್‌ಪ್ರೂಫ್ ಬೇಕು, ಇನ್ನೊಂದಕ್ಕೆ ಅದು ಬೇಡ. ಅವರ ತೊಡಕು ಇರುವುದು ಇಲ್ಲಿ.

ಅವರ ಔಡಲೆಣ್ಣೆಯಿಂದ ಬಾಗಿಗೂ ಹಾನಿಯೇ. ಎಣ್ಣೆ ಹಿಡಿದ ಕೂದಲು ಭಾರವಾಗಿ ಇನ್ನಷ್ಟು ಬೇಗ ಬೀಳುತ್ತದೆ.

ಕಣ್ಣಳತೆ (ಕಲಬುರಗಿ)

ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರು ಬರೆದುಕೊಡುವುದು ನನ್ನ ವೃತ್ತಿ. ಔಡಲೆಣ್ಣೆಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಅದರಿಂದ ರೆಪ್ಪೆ ಬೆಳೆಯುತ್ತದೆ ಎಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಎಣ್ಣೆ ಹಚ್ಚಿದ ಕೂದಲು ಹೊಳೆದು ದಟ್ಟವಾಗಿ ಕಾಣುವುದರಿಂದ ಹಾಗೆ ಅನ್ನಿಸುತ್ತದೆ. ರೆಪ್ಪೆಗೂದಲು ತನ್ನ ಅವಧಿ ಮುಗಿಸಿ ಉದುರಿ, ಅದೇ ಬುಡದಲ್ಲಿ ಹೊಸದು ಬರಲು ತಿಂಗಳುಗಳೇ ಬೇಕು. ಆದ್ದರಿಂದ ದಿನಕ್ಕೆ ಒಂದೆರಡು ಉದುರಿದರೆ ಗಾಬರಿಯಾಗಬೇಕಿಲ್ಲ. ರೆಪ್ಪೆ ಬೆಳೆಸುವ ಔಷಧವಾಗಿ 2008ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು ಬೈಮ್ಯಾಟೊಪ್ರಾಸ್ಟ್ ಎಂಬ, ಗ್ಲಾಕೋಮಾಕ್ಕೆ ಕೊಡುವ ಹನಿ ಔಷಧ. ಅದರಿಂದ ರೆಪ್ಪೆಯ ಚರ್ಮ ಕಪ್ಪಾಗಬಹುದು, ಕಣ್ಣಿನ ಪಾಪೆಯ ಸುತ್ತಲಿನ ಬಣ್ಣವೂ ಬದಲಾಗಬಹುದು. ಹೀಗಾಗಿ ವೈದ್ಯರನ್ನು ಕೇಳದೆ ಯಾವ ಸೀರಮ್ಮನ್ನೂ ಹಚ್ಚಬೇಡಿರಿ.

ಮಸ್ಕರಾ ಆರಿಸುವಾಗ ಎಲ್ಲರೂ ಬ್ರಷ್ಷನ್ನು ನೋಡುತ್ತಾರೆ, ತೆರೆದ ದಿನವನ್ನು ಯಾರೂ ಬರೆದಿಡುವುದಿಲ್ಲ. ತೆರೆದ ಮೂರು ತಿಂಗಳಿಗೆ ಅದನ್ನು ಬಿಸಾಡಬೇಕೆಂಬುದು ಕಣ್ಣಿನ ವೈದ್ಯರ ಸಾಮಾನ್ಯ ಸಲಹೆ. ಟ್ಯೂಬಿನ ಹಿಂದೆ ತೆರೆದ ಡಬ್ಬಿಯ ಚಿತ್ರದೊಳಗೆ ಆರು ತಿಂಗಳೆಂದು ಗುರುತಿದ್ದರೂ ನಾನು ಮೂರನ್ನೇ ಹೇಳುತ್ತೇನೆ. ಪ್ರತಿ ಸಲ ಬ್ರಷ್ಷು ರೆಪ್ಪೆಯಲ್ಲಿರುವ ಸೂಕ್ಷ್ಮಜೀವಿಗಳನ್ನು ಹೊತ್ತು ಕತ್ತಲೆಯ, ಒದ್ದೆಯ ಟ್ಯೂಬಿನೊಳಗೆ ಹೋಗುತ್ತದೆ, ಸಂರಕ್ಷಕದ ಬಲವೂ ದಿನೇ ದಿನೇ ಕುಗ್ಗುತ್ತದೆ. ಅಂಥ ಬ್ರಷ್ಷು ಕೈತಪ್ಪಿ ಕಣ್ಣಿನ ಕರಿಗುಡ್ಡೆಗೆ ಗೀರಿದರೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೇಗನೆ ಹುಣ್ಣು ಮಾಡಿ ದೃಷ್ಟಿಗೇ ಕುತ್ತು ತರಬಲ್ಲದು. ಒಣಗಿತೆಂದು ಟ್ಯೂಬಿಗೆ ನೀರು ಹನಿಸುವುದು, ಉಗುಳು ಸೋಕಿಸುವುದು, ಬ್ರಷ್ಷನ್ನು ಪಂಪಿನಂತೆ ಮೇಲೆ ಕೆಳಗೆ ಆಡಿಸುವುದು, ಈ ಮೂರೂ ಬೇಡ. ಪಂಪ್ ಮಾಡಿದರೆ ಒಳಗೆ ಗಾಳಿ ಸೇರಿ ಅದು ಇನ್ನೂ ಬೇಗ ಒಣಗುತ್ತದೆ. ಸ್ಕೂಟಿಯ ಡಿಕ್ಕಿಯಲ್ಲಿಟ್ಟು ಬಿಸಿಲಿಗೆ ನಿಲ್ಲಿಸಿದರೂ ಅಷ್ಟೇ.

ಮದುವೆ ಮನೆಯಲ್ಲಿ ಒಂದೇ ಟ್ಯೂಬು ಅಕ್ಕ, ತಂಗಿ, ನಾದಿನಿ, ನೆಗೆಣ್ಣಿ ಎಂದು ಏಳೆಂಟು ಕಣ್ಣುಗಳನ್ನು ಸುತ್ತುತ್ತದೆ. ಮರುವಾರ ಅವರೆಲ್ಲ ಕೆಂಗಣ್ಣು ಹೊತ್ತು ನಮ್ಮ ಅಂಗಡಿಯ ಬೆಂಚಿನ ಮೇಲೆ ಸಾಲಾಗಿ ಕುಳಿತದ್ದನ್ನು ನಾನು ಕಂಡಿದ್ದೇನೆ. ಕಣ್ಣು ಬಂದು ವಾಸಿಯಾದವರು ಹಳೆಯ ಟ್ಯೂಬನ್ನು ಮತ್ತೆ ಮುಟ್ಟಬಾರದು.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಲೆನ್ಸ್ ಹಾಕಿ ಆಮೇಲೆ ಅಲಂಕಾರ ಮಾಡಿಕೊಳ್ಳಬೇಕು, ತೆಗೆಯುವಾಗ ಲೆನ್ಸನ್ನೇ ಮೊದಲು ತೆಗೆಯಬೇಕು. ಉದ್ದ ತೋರಿಸುವ ಮಸ್ಕರಾಗಳಲ್ಲಿ ನೈಲಾನ್ ಅಥವಾ ರೇಯಾನ್ ಎಳೆಗಳನ್ನು ಬೆರೆಸಿರುತ್ತಾರೆ. ಅವು ಉದುರಿ ಲೆನ್ಸಿನ ಅಡಿಗೆ ಸೇರಿದರೆ ಕಣ್ಣಿನಲ್ಲಿ ಮರಳು ಬಿದ್ದಂತಾಗುತ್ತದೆ.

ಸುರ್ಮಾದಾನಿ (ಕಲಬುರಗಿ)

ಕಣ್ಣಳತೆಯವರ ಎಚ್ಚರಿಕೆ ಓದಿದಾಗ ನಮ್ಮ ಮನೆಯ ಮಾತು ನೆನಪಾಯಿತು. ನಮ್ಮ ನಾನಿ ಹಿತ್ತಾಳೆಯ ಸುರ್ಮಾದಾನಿಯಿಂದ ನಮಗೆಲ್ಲ ಕಣ್ಣಿಗೆ ಸುರ್ಮಾ, ಅಂದರೆ ಕಾಡಿಗೆಯಂತಹ ಕಪ್ಪು ಪುಡಿ, ಹಚ್ಚುತ್ತಿದ್ದರು, ನನ್ನ ಹೆಸರೂ ಅಲ್ಲಿಂದಲೇ ಬಂದದ್ದು. ಕೆಲವು ಸುರ್ಮಾಗಳಲ್ಲಿ ಸೀಸದ ಅದಿರಿನ ಪುಡಿ ಇರುತ್ತದೆಂದೂ ಅದು ಮಕ್ಕಳ ಮೈಗೆ ಸೇರಿದರೆ ಮಿದುಳಿನ ಬೆಳವಣಿಗೆಗೇ ಕೆಡುಕೆಂದೂ ವೈದ್ಯರು ತಿಳಿಸಿದ ಮೇಲೆ ನನ್ನ ಮಗಳಿಗೆ ನಾನು ಹಚ್ಚಲಿಲ್ಲ. ಹಳೆಯದೆಲ್ಲ ನಿರಪಾಯವೂ ಅಲ್ಲ, ಹೊಸದೆಲ್ಲ ಅಪಾಯವೂ ಅಲ್ಲ.

ನನ್ನ ಪ್ರಶ್ನೆ ಬೇರೆ. ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವ ವುಜೂ ಮಾಡುವಾಗ ನೀರು ರೆಪ್ಪೆಗೂದಲಿಗೆ ತಲುಪಬೇಕೆಂದು ನಾನು ಪಾಲಿಸುತ್ತೇನೆ, ವಾಟರ್‌ಪ್ರೂಫ್ ಹಚ್ಚಿದರೆ ಅದು ಅಡ್ಡ ನಿಲ್ಲುತ್ತದೆ. ಇಷ್ಟು ದಿನ ಮದುವೆಗಳಿಗೆ ಹೋದಾಗ ಮಧ್ಯಾಹ್ನದ ನಮಾಜಿಗೆ ಮೊದಲು ಎಣ್ಣೆಯಿಂದ ಉಜ್ಜಿ ತೆಗೆದು, ಕಣ್ಣು ಕೆಂಪಾಗಿಸಿಕೊಂಡು, ಮತ್ತೆ ಹಚ್ಚಿಕೊಳ್ಳುತ್ತಿದ್ದೆ. ಬಿದ್ರಿ ಬಳ್ಳಿಯವರು ಹೇಳುವ ಟ್ಯೂಬಿಂಗ್ ಮಸ್ಕರಾ ಬೆಚ್ಚಗಿನ ನೀರಿಗೇ ಪೂರ್ತಿಯಾಗಿ ಬಿಡುತ್ತದೆಯೇ, ಅಥವಾ ಬುಡದಲ್ಲಿ ಉಳಿಯುತ್ತದೆಯೇ?

ಬಿದ್ರಿ ಬಳ್ಳಿ (ಬೀದರ್)

ಪೂರ್ತಿಯಾಗಿ ಬಿಡುತ್ತದೆ, ಆದರೆ ಆತುರ ಮಾಡಬಾರದು. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟು, ಬಳಿಕ ಬೆರಳ ತುದಿಗಳಿಂದ ಬುಡದಿಂದ ತುದಿಗೆ ಎಳೆಯಬೇಕು. ಕೈ ಸುಡದ, ಆದರೆ ಸ್ನಾನಕ್ಕೆ ಹಿತವೆನಿಸುವಷ್ಟು ಬಿಸಿ ಇರಬೇಕು. ತಣ್ಣೀರಿಗೆ ಅದು ಜಗ್ಗುವುದಿಲ್ಲ. ಕೆಳಗಿನ ರೆಪ್ಪೆಯಲ್ಲಿ ಒಂದೆರಡು ಎಳೆ ಉಳಿದುಕೊಂಡಿರಬಹುದು, ಕನ್ನಡಿಯಲ್ಲಿ ಒಮ್ಮೆ ನೋಡಿಕೊಳ್ಳಿರಿ.

ಎಣ್ಣೆಯಿಂದ ತೆಗೆಯುವವರೂ ಉಜ್ಜಬಾರದು. ಹತ್ತಿಯನ್ನು ಒತ್ತಿ ಹಿಡಿದು ಇಪ್ಪತ್ತರವರೆಗೆ ಎಣಿಸಿದರೆ ಎಣ್ಣೆಯೇ ಕೆಲಸ ಮಾಡುತ್ತದೆ. ನಿತ್ಯವೂ ವಾಟರ್‌ಪ್ರೂಫ್ ಹಚ್ಚಿ ನಿತ್ಯವೂ ಉಜ್ಜುವವರ ರೆಪ್ಪೆ ವರ್ಷದೊಳಗೆ ಬಿಡಿಬಿಡಿಯಾಗುವುದನ್ನು ನಾನು ನೋಡುತ್ತಲೇ ಇರುತ್ತೇನೆ.

ಶಹಾಬಾದ ಫರಸಿ (ಕಲಬುರಗಿ ಜಿಲ್ಲೆ)

ಗಂಡಸಿಗೆ ಇಲ್ಲೇನು ಕೆಲಸವೆಂದು ಕೇಳಬೇಡಿರಿ. ನನ್ನ ಅಕ್ಕನ ಮಗಳು ಪಿಯುಸಿ ಮುಗಿಸಿದ್ದಕ್ಕೆ ಮಸ್ಕರಾ ಉಡುಗೊರೆ ಕೇಳಿದ್ದಾಳೆ. ಅಂಗಡಿಗೆ ಹೋದರೆ ಒಂದರ ಬ್ರಷ್ಷು ಬಾಟಲಿ ತೊಳೆಯುವ ಬ್ರಷ್ಷಿನಂತಿದೆ, ಇನ್ನೊಂದರದು ಮುಳ್ಳಿನ ಬಾಚಣಿಗೆಯಂತಿದೆ, ಮತ್ತೊಂದು ಡಮರುಗದ ಹಾಗೆ ನಡುವೆ ಸಣ್ಣಗಿದೆ, ಮಗದೊಂದು ಬಾಳೆಕಾಯಿಯ ಹಾಗೆ ಬಾಗಿದೆ. ಇವುಗಳಲ್ಲಿ ನಿಜವಾದ ವ್ಯತ್ಯಾಸವಿದೆಯೇ, ಅಥವಾ ಇದೆಲ್ಲ ವ್ಯಾಪಾರದ ಚಮತ್ಕಾರವೇ? ಅವಳ ರೆಪ್ಪೆ ಉದ್ದವಾಗಿದೆ, ಆದರೆ ವಿರಳ. ಕನ್ನಡಕ ಹಾಕುತ್ತಾಳೆ.

ಬಿದ್ರಿ ಬಳ್ಳಿ (ಬೀದರ್)

ಅಣ್ಣಾ, ಅರ್ಧ ನಿಜ, ಅರ್ಧ ಚಮತ್ಕಾರ. ಬ್ರಷ್ಷು ದಪ್ಪವಾದಷ್ಟೂ, ಕೂದಲು ಒತ್ತಾದಷ್ಟೂ ಒಂದೇ ಸಲಕ್ಕೆ ಹೆಚ್ಚು ಮಸ್ಕರಾ ಬಂದು ಅಂಟುತ್ತದೆ, ದಪ್ಪವಾಗಿ ಕಾಣುತ್ತದೆ. ಬಾಚಣಿಗೆಯಂತಿರುವ ರಬ್ಬರಿನ ಬ್ರಷ್ಷು ಕಡಿಮೆ ಬಳಿದು ಹೆಚ್ಚು ಬಿಡಿಸುತ್ತದೆ, ಒಂದೊಂದು ಕೂದಲೂ ಬೇರೆಯಾಗಿ ನಿಲ್ಲುತ್ತದೆ. ಬಾಗಿದ್ದು ಕಣ್ಣಿನ ಆಕಾರಕ್ಕೆ ಹೊಂದಿಕೊಂಡು ಎಲ್ಲ ಕೂದಲನ್ನೂ ಒಟ್ಟಿಗೆ ಮೇಲೆತ್ತುತ್ತದೆ ಎನ್ನುತ್ತಾರೆ, ಆದರೆ ಕೈ ಪಳಗಿದವರಿಗೆ ನೇರ ಬ್ರಷ್ಷಿನಿಂದಲೂ ಅದು ಸಾಧ್ಯ. ಡಮರುಗದ ವಿಷಯದಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ.

ವಿರಳ ರೆಪ್ಪೆಗೆ ದಪ್ಪ ಮಾಡುವಂಥದ್ದೇ ಬೇಕೆಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇರುವುದೇ ಕೆಲವು ಕೂದಲು. ಗಟ್ಟಿ ಮಸ್ಕರಾ ಹೇರಿದರೆ ಅವು ಎರಡೆರಡು, ಮೂರುಮೂರು ಅಂಟಿಕೊಂಡು ನಡುವಿನ ಖಾಲಿ ಜಾಗ ಇನ್ನೂ ಎದ್ದು ಕಾಣುತ್ತದೆ. ತೆಳುವಾದ ಮಸ್ಕರಾವನ್ನು ಸಣ್ಣ ಬ್ರಷ್ಷಿನಿಂದ ಬುಡದಲ್ಲಿ ಎಡಬಲಕ್ಕೆ ಅಲುಗಿಸುತ್ತ ಹಚ್ಚಿ, ಕೂದಲುಗಳ ನಡುವಿನ ಚರ್ಮದ ಅಂಚನ್ನು ಕಪ್ಪು ಪೆನ್ಸಿಲ್‌ನ ಚುಕ್ಕೆಗಳಿಂದ ತುಂಬಿಸಿದರೆ ಒತ್ತಾಗಿ ಕಾಣುತ್ತದೆ. ಇನ್ನು ಉದ್ದ ರೆಪ್ಪೆ ಮತ್ತು ಕನ್ನಡಕ ಎರಡೂ ಇದ್ದರೆ ಉದ್ದ ಹೆಚ್ಚಿಸುವುದನ್ನು ಕೊಡಲೇಬೇಡಿರಿ. ಪ್ರತಿ ಸಲ ಕಣ್ಣು ಮಿಟುಕಿಸಿದಾಗ ಗಾಜಿಗೆ ತಗುಲಿ, ಸಂಜೆಯ ಹೊತ್ತಿಗೆ ಕನ್ನಡಕದ ಒಳಭಾಗದಲ್ಲಿ ಕಪ್ಪು ಗೀರುಗಳು ಮೂಡುತ್ತವೆ. ಮೇಲಕ್ಕೆ ಬಾಗಿಸಿ ಒಂದೇ ಪದರ ಹಚ್ಚಿದರೆ ಸಾಕು. ಕಪ್ಪಿಗಿಂತ ಗಾಢ ಕಂದು ಆ ವಯಸ್ಸಿಗೆ ಚೆಂದವೆಂದು ನನ್ನ ಅಭಿಪ್ರಾಯ, ಅವಳು ಒಪ್ಪಲಿಕ್ಕಿಲ್ಲ.

ಸೇಡಂ ರಸ್ತೆಯ ತಂಗಿಗೂ ಒಂದು ಮಾತು. ಗಿಡ್ಡ ರೆಪ್ಪೆಗೆ ನಿಮ್ಮ ಕಿರುಬೆರಳಿಗಿಂತ ಸಣ್ಣ ಬ್ರಷ್ಷೇ ಬೇಕು. ದಪ್ಪ ಬ್ರಷ್ಷು ಬುಡಕ್ಕೆ ಹೋಗುವ ಮೊದಲೇ ರೆಪ್ಪೆಯ ಚರ್ಮಕ್ಕೆ ತಾಗಿ ಅಲ್ಲಿ ಕಪ್ಪು ಚುಕ್ಕೆ ಇಡುತ್ತದೆ. ಬ್ರಷ್ಷಿನ ತುದಿಯಲ್ಲಿ ಗುಡ್ಡೆಯಾಗಿ ನಿಂತ ಮಸ್ಕರಾವನ್ನು ಟಿಶ್ಯೂವಿಗೆ ಒರೆಸಿ ತೆಗೆಯಿರಿ, ಟ್ಯೂಬಿನ ಬಾಯಿಗೆ ಒರೆಸಿದರೆ ಅಲ್ಲಿ ಗಟ್ಟಿಯಾಗಿ ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಕರ್ಲರ್ ಯಾವಾಗಲೂ ಮಸ್ಕರಾಕ್ಕೆ ಮೊದಲು. ಒಣಗಿದ ಮಸ್ಕರಾದ ಮೇಲೆ ಕರ್ಲರ್ ಒತ್ತಿದರೆ ಕೂದಲು ಅದಕ್ಕೆ ಅಂಟಿ ಕಿತ್ತು ಬರುತ್ತದೆ.

ಭೀಮಾ ದಂಡೆ (ಯಾದಗಿರಿ)

ಎಲ್ಲರೂ ಸೇರಿ ವಾಟರ್‌ಪ್ರೂಫನ್ನು ಮೂಲೆಗೆ ತಳ್ಳುತ್ತಿರುವುದು ನನಗೆ ಸರಿ ಕಾಣುವುದಿಲ್ಲ. ನಾನೂ ಟಿಶ್ಯೂ ಪರೀಕ್ಷೆ ಮಾಡಿದೆ. ನನ್ನದು ಒಣ ಚರ್ಮ, ಕಾಗದದಲ್ಲಿ ಏನೂ ಮೂಡಲಿಲ್ಲ, ಹೀಗಾಗಿ ಐದಾರು ವರ್ಷ ನನಗೇಕೆ ತೊಂದರೆಯಾಗಲಿಲ್ಲ ಎಂಬುದು ಈಗ ತಿಳಿಯಿತು. ಆದರೆ ಹೆಣ್ಣು ಒಪ್ಪಿಸುವ ಹೊತ್ತಿನ ಅಳುವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಕಣ್ಣೀರು ಬಿಸಿಯಾಗಿಯೇ ಇರುತ್ತದೆ. ಬೆಚ್ಚಗಿನ ನೀರಿಗೆ ಕಳಚುವ ಟ್ಯೂಬಿಂಗ್ ಮಸ್ಕರಾ ಅಲ್ಲಿ ನಿಲ್ಲುತ್ತದೆಯೇ?

ಮೇಣ ಮತ್ತು ನೀರು (ಕಲಬುರಗಿ)

ಒಳ್ಳೆಯ ಪ್ರಶ್ನೆ. ಆ ಪಾಲಿಮರ್ ಕಳಚಲು ಬಿಸಿ, ಸಾಕಷ್ಟು ನೀರು ಮತ್ತು ಬೆರಳಿನ ಎಳೆತ ಮೂರೂ ಒಟ್ಟಿಗೆ ಬೇಕು. ಕಣ್ಣೀರು ಮೈಯ ಬಿಸಿಯನ್ನು ಮೀರುವುದಿಲ್ಲ, ಪ್ರಮಾಣವೂ ಕೆಲವು ಹನಿಗಳಷ್ಟೇ. ಉಜ್ಜಿಕೊಳ್ಳದೆ ಕರವಸ್ತ್ರದಿಂದ ಒತ್ತಿ ತೆಗೆದರೆ ನಿಲ್ಲುತ್ತದೆ. ಸೆರಗಿನಿಂದ ಕಣ್ಣು ತಿಕ್ಕಿಕೊಂಡರೆ ಯಾವ ಮಸ್ಕರಾವೂ ನಿಲ್ಲದು.

ನೀರು ತಡೆಯುವ ಮಸ್ಕರಾದ ಹುಟ್ಟೂ ಇಂಥದ್ದೇ ಕಾರಣಕ್ಕಾಯಿತು. ವಿಯೆನ್ನಾದ ಗಾಯಕಿ ಹೆಲೆನೆ ವಿಂಟರ್‌ಸ್ಟೈನ್ ಕಾಂಬರ್ಸ್ಕಿ ವೇದಿಕೆಯ ದೀಪಗಳ ಬಿಸಿಗೆ ತಮ್ಮ ಕಣ್ಣಿನ ಬಣ್ಣ ಇಳಿಯುತ್ತಿದ್ದುದನ್ನು ಸಹಿಸಲಾಗದೆ 1930ರ ದಶಕದಲ್ಲಿ ಅದನ್ನು ರೂಪಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1933ರಲ್ಲಿ, ಅಮೆರಿಕದಲ್ಲಿ ಲ್ಯಾಶ್ ಲೂರ್ ಎಂಬ ರೆಪ್ಪೆಯ ಡೈ ಹಚ್ಚಿಸಿಕೊಂಡ ಮಹಿಳೆಯೊಬ್ಬರು ಕಣ್ಣು ಕಳೆದುಕೊಂಡರು. ಅದರಲ್ಲಿದ್ದದ್ದು ಪಿಪಿಡಿ, ಅಂದರೆ ತಲೆಗೂದಲಿನ ಡೈಗಳಲ್ಲಿ ಇಂದಿಗೂ ಇರುವ ರಾಸಾಯನಿಕ. 1938ರಲ್ಲಿ ಆ ದೇಶ ಪ್ರಸಾಧನಗಳನ್ನು ಕಾನೂನಿನ ಹಿಡಿತಕ್ಕೆ ತರಲು ಈ ಪ್ರಕರಣವೂ ಒಂದು ಕಾರಣ. ಮಸ್ಕರಾ ಇಳಿಯುತ್ತದೆಂದು ಬೇಸತ್ತು ತಲೆಗೆ ಹಚ್ಚುವ ಡೈಯನ್ನೇ ರೆಪ್ಪೆಗೂ ಹಚ್ಚಿಸಿಕೊಳ್ಳುವವರು ನಮ್ಮಲ್ಲಿಯೂ ಇದ್ದಾರೆ. ಅದನ್ನು ಮಾತ್ರ ಯಾರೂ ಮಾಡಬಾರದು.

ಸೇಡಂ ರಸ್ತೆ (ಕಲಬುರಗಿ)

ಮದುವೆ ಮುಗಿಯಿತು, ಆದ್ದರಿಂದ ಏನಾಯಿತೆಂದು ಬರೆಯುವುದು ನನ್ನ ಕರ್ತವ್ಯ. ಔಡಲೆಣ್ಣೆಯನ್ನು ಮೂರು ವಾರ ಮೊದಲೇ ಬಿಟ್ಟೆ. ಸಣ್ಣ ಬ್ರಷ್ಷಿನ ಟ್ಯೂಬಿಂಗ್ ಮಸ್ಕರಾ ಕೊಂಡು, ಮನೆಯಲ್ಲಿ ನಾಲ್ಕು ದಿನ ಹಚ್ಚಿ ನೋಡಿದೆ. ಬಾಗು ಪೂರ್ತಿ ನಿಲ್ಲಲಿಲ್ಲ, ಆದರೆ ಮೊದಲಿನಂತೆ ಮಲಗಲೂ ಇಲ್ಲ. ಕರ್ಲರ್ ಒತ್ತಿದ ಮೇಲೆ ತೆಳುವಾದ ಒಂದು ಪದರ ಹಚ್ಚಿ, ಅದು ಪೂರ್ತಿ ಒಣಗುವ ಮೊದಲೇ ತುದಿಗೆ ಮಾತ್ರ ಇನ್ನೊಂದು ಪದರ ಹಚ್ಚಿದಾಗ ಹೆಚ್ಚು ಹೊತ್ತು ನಿಂತಿತು.

ಮದುವೆಯ ದಿನ ಬೆಳಿಗ್ಗೆ ಎಂಟಕ್ಕೆ ಹಚ್ಚಿದ್ದು ಅಕ್ಷತೆ ಬೀಳುವವರೆಗೂ ಕದಲಲಿಲ್ಲ, ಕಣ್ಣಿನ ಕೆಳಗೆ ಒಂದು ಚುಕ್ಕೆಯೂ ಇರಲಿಲ್ಲ. ಊಟವಾದ ಮೇಲೆ, ಮೂರು ಗಂಟೆಗೆ, ಸೆಕೆ ತಾಳಲಾರದೆ ಕಲ್ಯಾಣ ಮಂಟಪದ ನಲ್ಲಿ ತಿರುಗಿಸಿ ಮುಖಕ್ಕೆ ಎರಡು ಬೊಗಸೆ ನೀರು ಹಾಕಿ ಉಜ್ಜಿಕೊಂಡೆ. ಮೇಲಿನ ಟ್ಯಾಂಕಿನ ನೀರು ಆ ಹೊತ್ತಿಗೆ ಸ್ನಾನಕ್ಕೆ ಕಾಯಿಸಿದಂತಾಗಿತ್ತು. ಕನ್ನಡಿ ನೋಡುವಷ್ಟರಲ್ಲಿ ಎರಡೂ ಕೆನ್ನೆಗಳ ಮೇಲೆ ಇರುವೆಯ ಕಾಲುಗಳಂತಹ ಕಪ್ಪು ಎಳೆಗಳು ಅಂಟಿಕೊಂಡಿದ್ದವು, ರೆಪ್ಪೆ ಬೋಳಾಗಿತ್ತು. ಬಿದ್ರಿ ಬಳ್ಳಿ ಅಕ್ಕ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ, ನಗು ಬಂತು. ಮಸ್ಕರಾ ಬ್ಯಾಗಿನಲ್ಲಿಯೇ ಇದ್ದುದರಿಂದ ಮತ್ತೆ ಹಚ್ಚಿಕೊಂಡೆ.

ಬಿದ್ರಿ ಬಳ್ಳಿ (ಬೀದರ್)

ನಲ್ಲಿಯ ನೀರಿನ ವಿಷಯ ನನಗೂ ಹೊಳೆದಿರಲಿಲ್ಲ, ತಂಗಿ. ಇನ್ನು ಮುಂದೆ ಮೇ ತಿಂಗಳ ಮದುವೆಗಳಲ್ಲಿ ಮಧ್ಯಾಹ್ನ ಮುಖ ತೊಳೆಯಲು ಗಡಿಗೆಯ ನೀರನ್ನು ತೆಗೆದಿಡಬೇಕೆಂದು ನಮ್ಮ ಮದುಮಕ್ಕಳಿಗೂ ಹೇಳುತ್ತೇನೆ.

ಸುರ್ಮಾದಾನಿ (ಕಲಬುರಗಿ)

ನನಗಂತೂ ಅದೇ ಅನುಕೂಲವಾಯಿತು. ಮಧ್ಯಾಹ್ನದ ವುಜೂಗೆ ನೀರು ಕಾಯಿಸುವ ಕೆಲಸವೇ ತಪ್ಪಿತು.